ಕಲ್ಲನ್ನೂ ಓದೋಣ

(ಶಂಕರಘಟ್ಟದ ರಾತ್ರಿ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಇವತ್ತು ನಾವು ಪುಸ್ತಕ ತಂದಿಲ್ಲ. ಒಂದು ಬುಟ್ಟಿ ಕಲ್ಲು ತಂದಿದ್ದೇವೆ. "ಮೇಷ್ಟ್ರು ಅಕ್ಷರ ಬಿಟ್ಟು ಕಲ್ಲು ಹೊರೋಕೆ ಶುರು ಮಾಡಿದ್ರು" ಅಂತ ಹಿಂದಿನ ಸಾಲಿನಲ್ಲಿ ಯಾರೋ ಅಂದದ್ದು ಕೇಳಿಸಿತು. ನಗಬೇಡಿ. ಅಕ್ಷರಕ್ಕೂ ಕಲ್ಲಿಗೂ ಹಳೆಯ ನಂಟು ಇದೆ.

ಹಿಂದಿನ ಕಾಲದ ಮಕ್ಕಳು ಮೊದಲ ಅಕ್ಷರ ಬರೆದದ್ದು ಯಾವುದರ ಮೇಲೆ? ಸ್ಲೇಟಿನ ಮೇಲೆ. ಯಾವುದರಿಂದ? ಬಳಪದಿಂದ. ಆ ಸ್ಲೇಟು ಒಂದು ಕಲ್ಲು. ಬಳಪವೂ ಒಂದು ಕಲ್ಲು. ಗಟ್ಟಿ ಕಲ್ಲಿನ ಮೇಲೆ ಮೆದು ಕಲ್ಲನ್ನು ಉಜ್ಜಿದರೆ ಬಿಳಿ ಗೆರೆ ಬೀಳುತ್ತದೆ. ಆ ಗೆರೆ ಬಾಗಿದರೆ 'ಅ' ಆಗುತ್ತದೆ. ಈ ಗೆರೆಯನ್ನು ನೆನಪಿಡಿ. ಇದೇ ಗೆರೆ ಇವತ್ತಿನ ಪಾಠ.

ಒಬ್ಬ ಅಕ್ಕನ ಕತೆ

ಮೊದಲು ಒಂದು ನಡೆದ ವಿಷಯ ಹೇಳುತ್ತೇವೆ. ನಮ್ಮ ಕೇಂದ್ರಕ್ಕೆ ಬರುವ ಒಬ್ಬ ಅಕ್ಕನದು. ಹೆಸರು ಹೇಳುವುದಿಲ್ಲ. ಅವರು ಇಲ್ಲೇ ಕೂತಿದ್ದಾರೆ. "ಹೇಳ್ರಿ, ಇನ್ನೊಬ್ರಿಗಾದ್ರೂ ಗೊತ್ತಾಗ್ಲಿ" ಅಂತ ಅವರೇ ಒಪ್ಪಿಗೆ ಕೊಟ್ಟಿದ್ದಾರೆ.

ಅವರ ಹೊಲದಲ್ಲಿ ಬಾವಿ ತೋಡಿಸುತ್ತಿದ್ದರು. ಮಣ್ಣು ಮುಗಿದು ಕಲ್ಲು ಬಂತು. ಕಪ್ಪು ಕಲ್ಲಿನ ನಡುವೆ ಹಳದಿ ಚುಕ್ಕಿಗಳು. ಬಿಸಿಲಿಗೆ ಹಿಡಿದರೆ ಪಳಪಳ ಹೊಳೆಯುತ್ತಿದ್ದವು. ಬಾವಿಯಲ್ಲಿ ನೀರು ಬರಲಿಲ್ಲ, ಆದರೆ ಊರೆಲ್ಲ ಸುದ್ದಿ ಬಂತು. ಚಿನ್ನ ಸಿಕ್ಕಿದೆಯಂತೆ!

ಎಂಟು ದಿನಕ್ಕೆ ಒಬ್ಬ ಮನುಷ್ಯ ಬೈಕಿನಲ್ಲಿ ಬಂದ. ಒಳ್ಳೆಯ ಅಂಗಿ, ಕೈಯಲ್ಲಿ ಬ್ಯಾಗು. ಕಲ್ಲನ್ನು ತಿರುಗಿಸಿ ನೋಡಿದ. "ಅಕ್ಕಾ, ನಿಮ್ಮ ಕಷ್ಟ ಮುಗೀತು. ಇದನ್ನ ದೊಡ್ಡ ಲ್ಯಾಬಿಗೆ ಕಳಿಸಬೇಕು. ಎಂಟು ಸಾವಿರ ಖರ್ಚಾಗುತ್ತೆ" ಅಂದ. ಆ ಅಕ್ಕ ಸಂಘದಲ್ಲಿ ಸಾಲ ತೆಗೆದು ಎಂಟು ಸಾವಿರ ಕೊಟ್ಟರು. ಅವನು ಕಲ್ಲು ತೆಗೆದುಕೊಂಡು ಹೋದ. ರಸೀದಿ ಕೊಡಲಿಲ್ಲ. ಅಕ್ಕ ಕೇಳಲೂ ಇಲ್ಲ. ಆಗ ಅವರಿಗೆ ಓದಲು ಬರುತ್ತಿರಲಿಲ್ಲ. "ಚೀಟಿ ಕೇಳಿ ಏನ್ ಮಾಡಾದು, ಓದಾಕೆ ಬರಲ್ವಲ್ಲ" ಅಂತ ಸುಮ್ಮನಾದರು.

ಆ ಸಾಲದ ಕಂತನ್ನು ಅವರು ಇವತ್ತಿಗೂ ವಾರ ವಾರ ಕಟ್ಟುತ್ತಿದ್ದಾರೆ.

ಮುಂದೆ ಏನಾಯಿತು? ಕೊನೆಗೆ ಹೇಳುತ್ತೇವೆ. ಅದಕ್ಕೆ ಮೊದಲು ಕಲ್ಲನ್ನು ಓದುವುದು ಹೇಗೆ, ನೋಡೋಣ.

ಬಣ್ಣವನ್ನು ನಂಬಬೇಡಿ

ಕಲ್ಲು ಸಿಕ್ಕಾಗ ನಾವು ಮೊದಲು ನೋಡುವುದು ಬಣ್ಣ. ಆದರೆ ಬಣ್ಣ ಮೋಸ ಮಾಡುತ್ತದೆ. ಬೆಣಚುಕಲ್ಲು ನಿಮಗೆಲ್ಲ ಗೊತ್ತು. ಬಿಳಿಯದು ಇದೆ, ಗುಲಾಬಿಯದು ಇದೆ, ಹೊಗೆ ಬಣ್ಣದ್ದು ಇದೆ. ಬಣ್ಣ ಬೇರೆ, ಕಲ್ಲು ಒಂದೇ. ಇನ್ನು ಹಳದಿ ಹೊಳಪಿನವು ಮೂರು ಇವೆ. ಚಿನ್ನ, ಕಾಗೆಬಂಗಾರ, ಪೈರೈಟ್. ಬಣ್ಣ ಹೆಚ್ಚು ಕಡಿಮೆ ಒಂದೇ, ವಸ್ತು ಬೇರೆ ಬೇರೆ.

ಅಕ್ಷರ ಕಲಿಯುವಾಗಲೂ ಹೀಗೇ ಆಗಿತ್ತಲ್ಲ? 'ಪ' ಮತ್ತು 'ವ' ದೂರದಿಂದ ಒಂದೇ ತರಹ ಕಂಡವು. ಹತ್ತಿರದಿಂದ ಗೆರೆ ನೋಡಿದ ಮೇಲೆ ಬೇರೆ ಅಂತ ಗೊತ್ತಾಯಿತು. ಕಲ್ಲಿನಲ್ಲೂ ಗೆರೆ ನೋಡಬೇಕು.

ಗೆರೆ ಎಳೆದು ನೋಡಿ

ಗೆರೆ ಎಳೆಯಲು ಏನು ಬೇಕು? ಬಿಳಿ ಟೈಲ್ಸಿನ ಹಿಂಭಾಗ ಸಾಕು. ಅಲ್ಲಿ ನುಣುಪು ಇರುವುದಿಲ್ಲ. ಟೈಲ್ಸು ಇಲ್ಲದಿದ್ದರೆ ಪಿಂಗಾಣಿ ಕಪ್ಪನ್ನು ಬೋರಲು ಹಾಕಿ. ತಳದಲ್ಲಿ ಒರಟು ಅಂಚು ಇರುತ್ತದೆ. ಅದರ ಮೇಲೆ ಕಲ್ಲನ್ನು ಉಜ್ಜಿ.

ಇಗೋ, ಈ ಕಲ್ಲು ನೋಡಿ. ಕಪ್ಪಗಿದೆ. ಕೈಗೆ ಭಾರ. ಈಗ ಉಜ್ಜುತ್ತೇವೆ. ಗೆರೆ ಯಾವ ಬಣ್ಣ? ಕೆಂಪು! ಕಪ್ಪು ಕಲ್ಲು ಕೆಂಪು ಗೆರೆ ಬರೆಯಿತು. ಇದು ಹೆಮಟೈಟ್ ಎಂಬ ಕಬ್ಬಿಣದ ಅದಿರು. ಮೈ ಕಪ್ಪಾಗಿದ್ದರೂ ಇದರ ಪುಡಿ ಕೆಂಪು. ನಮ್ಮ ಮಲೆನಾಡಿನ ಕೆಮ್ಮಣ್ಣಿನ ಕೆಂಪಿಗೂ ಕಬ್ಬಿಣವೇ ಕಾರಣ. ಸಾಗರದ ಕಡೆ ದೀವರ ಹೆಣ್ಣುಮಕ್ಕಳು ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಅದರಲ್ಲಿ ಬಳಸುವ ಕೆಂಪೂ ಕೆಮ್ಮಣ್ಣಿನದೇ.

ಕೆಮ್ಮಣ್ಣುಗುಂಡಿ ಎಂಬ ಹೆಸರು ಕೇಳಿದ್ದೀರಿ. ಆ ಹೆಸರನ್ನು ಬಿಡಿಸಿ ಓದಿ. ಕೆಮ್ಮಣ್ಣು, ಗುಂಡಿ. ಹೆಸರಿನಲ್ಲೇ ಗುರುತು ಇದೆ. ಅಲ್ಲಿನ ಅದಿರು ರೋಪ್‌ವೇಯಲ್ಲಿ ಬೆಟ್ಟದಿಂದ ಕೆಳಗಿಳಿದು ಭದ್ರಾವತಿಗೆ ಬರುತ್ತಿತ್ತು. ಭದ್ರಾವತಿಗೆ ಮೊದಲು ಬೆಂಕಿಪುರ ಎಂಬ ಹೆಸರಿತ್ತು. 1923ರಲ್ಲಿ ಅಲ್ಲಿನ ಮೈಸೂರು ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆ ಹೊತ್ತಿತು. ಆಗ ಕಲ್ಲಿದ್ದಲು ಅಲ್ಲ, ಕಾಡಿನ ಮರ ಸುಟ್ಟ ಇದ್ದಿಲು ಹಾಕುತ್ತಿದ್ದರು. ಈ ಸುತ್ತಿನ ಹಲವು ಮನೆಗಳ ಅಜ್ಜ, ಮುತ್ತಜ್ಜ ಆ ಕಾರ್ಖಾನೆಯ ಅನ್ನ ಉಂಡಿದ್ದಾರೆ. ಈ ಕೆಂಪು ಗೆರೆಯ ಹಿಂದೆ ಅಷ್ಟು ಬದುಕು ಇದೆ.

ಇನ್ನೊಂದು ಕಪ್ಪು ಕಲ್ಲು ನೋಡಿ. ಇದರ ಗೆರೆಯೂ ಕಪ್ಪು. ಮುಟ್ಟಿದರೆ ಕೈಗೆ ಮಸಿಯಂತೆ ಹತ್ತುತ್ತದೆ. ಇದು ಮ್ಯಾಂಗನೀಸ್ ಅದಿರು. ನಮ್ಮ ಜಿಲ್ಲೆಯ ಕುಂಸಿ ಕಡೆ ಹಿಂದೆ ಇದನ್ನು ಅಗೆಯುತ್ತಿದ್ದರು. ಉಕ್ಕನ್ನು ಗಟ್ಟಿ ಮಾಡಲು ಇದು ಬೇಕು.

ಮೂರನೆಯ ಕಪ್ಪು ಕಲ್ಲಿಗೂ ಕಪ್ಪು ಗೆರೆ. ಆದರೆ ಅಯಸ್ಕಾಂತ ಹಿಡಿದರೆ ಟಕ್ ಅಂತ ಅಂಟಿಕೊಳ್ಳುತ್ತದೆ. ಇದು ಮ್ಯಾಗ್ನಟೈಟ್, ಇನ್ನೊಂದು ಬಗೆಯ ಕಬ್ಬಿಣದ ಅದಿರು. ಕುದುರೆಮುಖದಲ್ಲಿ ತೆಗೆಯುತ್ತಿದ್ದುದು ಇದನ್ನೇ. ಕಾಡು, ನದಿ ಹಾಳಾಗುತ್ತವೆ ಎಂದು ಸುಪ್ರೀಂ ಕೋರ್ಟ್ ಆದೇಶ ಆಯಿತು. 2005ರ ಕೊನೆಗೆ ಆ ಗಣಿ ನಿಂತಿತು. ಅಯಸ್ಕಾಂತ ಎಲ್ಲಿ ಸಿಗುತ್ತದೆ ಅಂತೀರಾ? ಕೆಟ್ಟ ರೇಡಿಯೋದ ಸ್ಪೀಕರಿನಲ್ಲಿ ಇರುತ್ತದೆ.

ನೋಡಿದಿರಾ? ಮೂರು ಕಪ್ಪು ಕಲ್ಲು. ಒಂದು ಟೈಲ್ಸು, ಒಂದು ಅಯಸ್ಕಾಂತ. ಮೂರೂ ಬೇರೆ ಬೇರೆ ಅಂತ ನೀವೇ ಹೇಳಿದಿರಿ.

ಕೆರೆದು ನೋಡಿ

ಎರಡನೆಯ ಗುರುತು ಗಟ್ಟಿತನ. ಜರ್ಮನಿ ದೇಶದ ಮೋಸ್ ಎಂಬವರು 1812ರಲ್ಲಿ ಇದಕ್ಕೆ ಹತ್ತು ಮೆಟ್ಟಿಲು ಮಾಡಿದರು. ಮೊದಲ ಮೆಟ್ಟಿಲು ಟಾಲ್ಕ್, ಎಲ್ಲಕ್ಕಿಂತ ಮೆದು. ಹತ್ತನೆಯದು ವಜ್ರ, ಎಲ್ಲಕ್ಕಿಂತ ಗಟ್ಟಿ. ಮೇಲಿನ ಮೆಟ್ಟಿಲಿನದು ಕೆಳಗಿನದನ್ನು ಕೆರೆಯುತ್ತದೆ. ಇಷ್ಟೇ ಲೆಕ್ಕ.

ನಮಗೆ ಮೂರು ಸಾಮಾನು ಸಾಕು. ಉಗುರು, ಚಾಕು, ಗಾಜಿನ ಚೂರು. ಗಾಜು ಕೈಗೆ ಹತ್ತದಂತೆ ಜೋಪಾನ.

ಉಗುರಿನಲ್ಲಿ ಕೆರೆದರೆ ಪುಡಿ ಬಂತೇ? ಮುಟ್ಟಿದರೆ ಸೋಪಿನಂತೆ ಜಾರುತ್ತದೆಯೇ? ಅದು ಬಳಪದ ಕಲ್ಲು. ಅದರಲ್ಲಿ ಟಾಲ್ಕ್ ಇದೆ. ಮುಖಕ್ಕೆ ಹಚ್ಚುವ ಪೌಡರಿನಲ್ಲೂ ಟಾಲ್ಕ್ ಇರುತ್ತದೆ. ಭದ್ರಾವತಿಯ ಲಕ್ಷ್ಮೀನರಸಿಂಹ ದೇವಸ್ಥಾನಕ್ಕೆ ಹೋಗಿದ್ದೀರಲ್ಲ? ಹೊಯ್ಸಳರ ಕಾಲದ್ದು, ಬಳಪದ ಕಲ್ಲಿನಲ್ಲೇ ಕಟ್ಟಿದ್ದು. ದೇವರ ಒಡವೆಯ ಮಣಿ ಮಣಿಯನ್ನೂ ಕಡೆದಿದ್ದಾರೆ. ಕಲ್ಲು ಮೆದುವಾಗಿದ್ದಕ್ಕೇ ಅಷ್ಟು ಸಣ್ಣ ಕೆಲಸ ಆಯಿತು. ಶಿಲ್ಪಿಗಳು ಕಲ್ಲನ್ನು ಓದಿ ಆರಿಸಿದ್ದರು. ದೇವಸ್ಥಾನದ ಕಲ್ಲನ್ನು ಮಾತ್ರ ಕೆರೆದು ನೋಡಬೇಡಿ!

ಉಗುರಿಗೆ ಜಗ್ಗಲಿಲ್ಲ, ಚಾಕುವಿಗೆ ಜಗ್ಗಿತು ಅನ್ನಿ. ಅದು ಸುಣ್ಣದ ಕಲ್ಲು ಇರಬಹುದು. ಕೆರೆದ ಪುಡಿಯ ಮೇಲೆ ನಿಂಬೆರಸ ಹಿಂಡಿ. ಸಣ್ಣ ಸಣ್ಣ ಗುಳ್ಳೆ ಎದ್ದರೆ ಸುಣ್ಣದ ಕಲ್ಲೇ. ಭದ್ರಾವತಿ ಕಾರ್ಖಾನೆಗೆ ಭಂಡಿಗುಡ್ಡದಿಂದ ಬರುತ್ತಿದ್ದುದು ಇದೇ. ಕುಲುಮೆಯಲ್ಲಿ ಅದಿರಿನ ಕೊಳೆಯನ್ನು ಸುಣ್ಣದ ಕಲ್ಲು ಎಳೆದುಕೊಳ್ಳುತ್ತದೆ. ಅದು ಕಿಟ್ಟವಾಗಿ ಬೇರೆಯಾಗುತ್ತದೆ. ಗಾಜಿನಂತೆ ಹೊಳೆಯುವ, ತೂತು ತೂತಾದ ಕಲ್ಲು ಭದ್ರಾವತಿ ಕಡೆ ಸಿಕ್ಕರೆ "ಆಕಾಶದಿಂದ ಬಿತ್ತು" ಅನ್ನಬೇಡಿ. ಅದು ಕುಲುಮೆಯ ಕಿಟ್ಟ ಇರಬಹುದು.

ಚಾಕುವಿಗೂ ಜಗ್ಗಲಿಲ್ಲ, ಗಾಜನ್ನೇ ಕೆರೆಯಿತು, ಹಾಲಿನಂತೆ ಬಿಳುಪು. ಅದು ಬೆಣಚುಕಲ್ಲು. ಏಳನೆಯ ಮೆಟ್ಟಿಲು. ನಿಮ್ಮ ಒರಳುಕಲ್ಲು, ಬೀಸುವ ಕಲ್ಲು ಇಷ್ಟು ವರ್ಷ ಸವೆಯದೆ ಇರಲು ಅದರಲ್ಲಿರುವ ಬೆಣಚಿನ ಹರಳುಗಳೂ ಕಾರಣ. ಬಳಪದ ಕಲ್ಲಿನಲ್ಲಿ ಒರಳು ಮಾಡಿದ್ದರೆ ನಾವು ಚಟ್ನಿಯ ಜೊತೆ ಕಲ್ಲನ್ನೂ ತಿನ್ನಬೇಕಿತ್ತು. ಒರಳಿಗೆ ಯಾವ ಕಲ್ಲು, ಬಳಪಕ್ಕೆ ಯಾವ ಕಲ್ಲು ಅಂತ ನಮ್ಮ ಹಿರಿಯರಿಗೆ ಗೊತ್ತಿತ್ತು. ಪುಸ್ತಕ ಓದದೆಯೂ ಅವರು ಕಲ್ಲು ಓದುತ್ತಿದ್ದರು.

ತೂಗಿ ನೋಡಿ

ಮೂರನೆಯ ಗುರುತು ತೂಕ. ತಕ್ಕಡಿ ಬೇಡ. ಒಂದೇ ಗಾತ್ರದ ಎರಡು ಕಲ್ಲನ್ನು ಎರಡು ಕೈಯಲ್ಲಿ ಹಿಡಿಯಿರಿ. ಒಂದು ಬೆಣಚು, ಒಂದು ಕಬ್ಬಿಣದ ಅದಿರು. ಒಳ್ಳೆಯ ಅದಿರು ಹೆಚ್ಚು ಕಡಿಮೆ ಎರಡರಷ್ಟು ಭಾರ. ಅಜ್ಜಿ, ನೀವು ಹಿಡಿದು ನೋಡಿ. "ಹೌದಲ್ಲೋ ತಮ್ಮಾ!" ಅಂದಿರಲ್ಲ, ಅದೇ ಪರೀಕ್ಷೆ.

ಕಬ್ಬಿಣದ ಅದಿರು ಕೆಲವು ಕಡೆ ಬೆಣಚಿನ ಜೊತೆ ಪಟ್ಟೆ ಪಟ್ಟೆಯಾಗಿ ಇರುತ್ತದೆ. ಸೀರೆಯ ಅಂಚಿನಂತೆ ಒಂದು ಕಪ್ಪು, ಒಂದು ಬಿಳಿ ಅಥವಾ ಕೆಂಪು. ಬಾಬಾಬುಡನ್ ಬೆಟ್ಟಗಳಲ್ಲಿ ಇಂತಹ ಕಲ್ಲು ಬಹಳ. 250 ಕೋಟಿ ವರ್ಷಕ್ಕೂ ಹಿಂದೆ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತದ್ದು ಅದು. ಈಗ ಬೆಟ್ಟದ ತುದಿಯಲ್ಲಿದೆ!

ಹಳದಿ ಹೊಳಪಿನ ಕಲ್ಲು

ಈಗ ಆ ಅಕ್ಕನ ಕಲ್ಲಿಗೆ ಬರೋಣ. ಅದರ ಇನ್ನೊಂದು ಚೂರು ಅವರ ಮನೆಯಲ್ಲಿ ಉಳಿದಿತ್ತು. ದೇವರ ಗೂಡಿನಲ್ಲಿ ಇಟ್ಟಿದ್ದರು. ಈ ಪಾಠ ಶುರುವಾದ ಮೇಲೆ ಒಂದು ರಾತ್ರಿ ಸೆರಗಿನಲ್ಲಿ ಕಟ್ಟಿ ಇಲ್ಲಿಗೆ ತಂದರು. ನಾವೆಲ್ಲ ಸೇರಿ ನೋಡಿದೆವು.

ಮೊದಲ ಪ್ರಶ್ನೆ. ಇದು ಕಾಗೆಬಂಗಾರವೇ? ಕಾಗೆಬಂಗಾರ ಅಂದರೆ ಅಭ್ರಕ. ಸೂಜಿಯಿಂದ ಎಬ್ಬಿಸಿದರೆ ಈರುಳ್ಳಿ ಸಿಪ್ಪೆಯಂತೆ ಪದರ ಏಳುತ್ತದೆ. ಪದರ ಬಾಗುತ್ತದೆ. ಹಳ್ಳದ ಮರಳಿನಲ್ಲಿ ಹೊಳೆಯುವುದು ಹೆಚ್ಚಾಗಿ ಇದೇ. ಬಂಗಾರ ಅಲ್ಲ ಅಂತ ಹಿರಿಯರು ಹೆಸರಿನಲ್ಲೇ ಹೇಳಿಟ್ಟಿದ್ದಾರೆ. ಅಕ್ಕನ ಕಲ್ಲಿನಲ್ಲಿ ಪದರ ಏಳಲಿಲ್ಲ.

ಎರಡನೆಯ ಪ್ರಶ್ನೆ. ಚಿನ್ನವೇ? ಚಿನ್ನ ಮೆದು. ಸೂಜಿ ಒತ್ತಿದರೆ ತಗ್ಗು ಬೀಳುತ್ತದೆ. ಬಡಿದರೆ ಚಪ್ಪಟೆಯಾಗುತ್ತದೆ, ಒಡೆಯುವುದಿಲ್ಲ. ಅಕ್ಕನ ಕಲ್ಲಿನ ಹಳದಿ ಹರಳಿಗೆ ಚಾಕುವೂ ಹತ್ತಲಿಲ್ಲ. ಸುತ್ತಿಗೆಯಲ್ಲಿ ಬಡಿದರೆ ಪುಡಿಯಾಯಿತು. ಗಂಧಕದ ವಾಸನೆ ಬಂತು, ಬೆಂಕಿಕಡ್ಡಿ ಗೀರಿದ ಹಾಗೆ.

ಕೊನೆಗೆ ಗೆರೆ. ಅಕ್ಕಸಾಲಿಗರು ಏನು ಮಾಡುತ್ತಾರೆ? ಕಪ್ಪು ಒರೆಗಲ್ಲಿನ ಮೇಲೆ ಒಡವೆ ಉಜ್ಜಿ ಗೆರೆ ನೋಡುತ್ತಾರೆ. ಚಿನ್ನದ ಗೆರೆ ಚಿನ್ನದ ಬಣ್ಣದ್ದೇ. 'ಒರೆಗೆ ಹಚ್ಚು' ಅನ್ನುವ ಮಾತು ಬಂದದ್ದು ಅಲ್ಲಿಂದಲೇ. ನಾವು ಟೈಲ್ಸಿನ ಮೇಲೆ ಆ ಹರಳನ್ನು ಉಜ್ಜಿದೆವು. ಉಜ್ಜಿದವರು ಆ ಅಕ್ಕನೇ. ಎಲ್ಲರೂ ಬಗ್ಗಿ ನೋಡುತ್ತಿದ್ದೆವು. ಗೆರೆ ಬಿತ್ತು. ಹಳದಿ ಅಲ್ಲ. ಹಸಿರು ಮಿಶ್ರಿತ ಕಪ್ಪು.

ಅದು ಪೈರೈಟ್. ಕಬ್ಬಿಣ ಮತ್ತು ಗಂಧಕ ಸೇರಿ ಆದದ್ದು. ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ಓದುವ ಹುಡುಗರಿಗೂ ತೋರಿಸಿದೆವು. ಅವರೂ ಅದನ್ನೇ ಹೇಳಿದರು.

ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಎಂಟು ಸಾವಿರ ಕೊಟ್ಟು ಗೊತ್ತಾಗ್ಲಿಲ್ಲ. ಒಂದು ಟೈಲ್ಸ್ ಚೂರು ಹೇಳ್ತು" ಅಂದರು.

ಯಾರೂ ಅವರನ್ನು ನೋಡಿ ನಗಬೇಡಿ. ದೊಡ್ಡ ದೊಡ್ಡವರೂ ಮೋಸ ಹೋಗಿದ್ದಾರೆ. ಇಂಗ್ಲೆಂಡಿನ ಫ್ರೋಬಿಷರ್ ಎಂಬ ನಾವಿಕ 1576ರಿಂದ 1578ರವರೆಗೆ ಮೂರು ಸಲ ಉತ್ತರದ ಹಿಮದ ನಾಡಿಗೆ ಹೋದ. ಚಿನ್ನ ಇದೆ ಎಂದು ಸಾವಿರ ಟನ್ನಿಗೂ ಹೆಚ್ಚು ಕಲ್ಲನ್ನು ಹಡಗುಗಳಲ್ಲಿ ತಂದ. ರಾಣಿ ಎಲಿಜಬೆತ್ತಳೇ ದುಡ್ಡು ಹಾಕಿದ್ದಳು. ಕೊನೆಗೆ ನೋಡಿದರೆ ಬರೀ ಕಲ್ಲು. ರಸ್ತೆಗೆ ಹಾಕಿದರು. ರಾಣಿಗೇ ಹಾಗಾಯಿತು, ನಮ್ಮ ಅಕ್ಕ ಯಾವ ಲೆಕ್ಕ?

ಇನ್ನೂ ಒಂದು ಮಾತು. ನಿಜವಾದ ಚಿನ್ನದ ಅದಿರು ಸಾಮಾನ್ಯವಾಗಿ ಹೊಳೆಯುವುದೇ ಇಲ್ಲ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನದ ಗಣಿ ಇದೆ. ಒಂದು ಟನ್ ಕಲ್ಲು ಅರೆದರೆ ಕೆಲವೇ ಗ್ರಾಂ ಚಿನ್ನ. ಕೋಲಾರದ ಗಣಿಯಲ್ಲಿ ಸುಮಾರು ಮೂರು ಕಿಲೋಮೀಟರ್ ಆಳಕ್ಕೆ ಇಳಿದು ತೆಗೆಯುತ್ತಿದ್ದರು. ಖರ್ಚು ಗಿಟ್ಟದೆ ಅದು 2001ರಲ್ಲಿ ಮುಚ್ಚಿತು. ನಮ್ಮ ಹತ್ತಿರದ ಹೊನ್ನಾಳಿ ಕಡೆಯೂ ಹಿಂದೆ ಚಿನ್ನಕ್ಕಾಗಿ ಅಗೆದಿದ್ದಾರೆ. ಅಂದರೆ ಚಿನ್ನ ನಮ್ಮ ನಾಡಿನಲ್ಲಿ ಇಲ್ಲ ಅಂತ ಅಲ್ಲ. ಬಾವಿಯ ಕಲ್ಲಿನಲ್ಲಿ ಕಣ್ಣಿಗೆ ರಾಚುವಂತೆ ಹೊಳೆಯುವುದು ಚಿನ್ನ ಆಗಿರುವುದು ಬಹಳ ಅಪರೂಪ.

ಎರಡನೆಯ ಸಲ ಬಂದಾಗ

ಆ ಮನುಷ್ಯ ಮತ್ತೆ ಬಂದ. "ರಿಪೋರ್ಟ್ ಚೆನ್ನಾಗಿ ಬಂದಿದೆ. ಗಂಡ ಹೆಂಡತಿ ಇಬ್ಬರೂ ಇಲ್ಲಿ ಒಂದು ಸೈನ್ ಹಾಕಿ. ಸೈನ್ ಬರದಿದ್ರೆ ಹೆಬ್ಬೆಟ್ಟು ಸಾಕು" ಅಂತ ಒಂದು ಕಾಗದ ಮುಂದಿಟ್ಟ.

ಅಕ್ಕ ಕಾಗದ ಕೈಗೆ ತೆಗೆದುಕೊಂಡರು. ಅವರು ಇಲ್ಲಿಗೆ ಬಂದು ಆಗ ನಾಲ್ಕು ತಿಂಗಳಾಗಿತ್ತು. ಒತ್ತಕ್ಷರ ಇನ್ನೂ ಕಷ್ಟ. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದರು. ಜ-ಮೀ-ನು. ಜಮೀನು. ಮುಂದೆ, ಗು-ತ್ತಿ-ಗೆ. ಗುತ್ತಿಗೆ.

"ಕಲ್ಲು ಪರೀಕ್ಷೆ ಕಾಗ್ದದಾಗೆ ಜಮೀನು ಗುತ್ತಿಗೆ ಅಂತ ಯಾಕಿದೆ?" ಅಂತ ಕೇಳಿದರು.

ಅವನಿಗೆ ಉತ್ತರ ಹೊಳೆಯಲಿಲ್ಲ. "ಅದೆಲ್ಲ ಮಾಮೂಲಿ" ಅಂದ. "ಹಂಗಾದ್ರೆ ಕಾಗ್ದ ಬಿಟ್ಟು ಹೋಗಿ. ರಾತ್ರಿ ಶಾಲೇಲಿ ಓದಿಸ್ಕೊಂಡು ನಾಳೆ ಹೇಳ್ತೀವಿ" ಅಂದರು ಅಕ್ಕ. ಅವನು ಕಾಗದ ಕಿತ್ತುಕೊಂಡು ಬೈಕು ಹತ್ತಿದ. ಮತ್ತೆ ಬರಲಿಲ್ಲ.

ಎಂಟು ಸಾವಿರ ಹೋಯಿತು. ಅದು ವಾಪಸು ಬರಲಿಲ್ಲ. ಆದರೆ ಎರಡು ಎಕರೆ ಹೊಲ ಉಳಿಯಿತು.

ನಾವು ನೆನಪಿಡಬೇಕಾದ್ದು

ಹೊಸ ಕಲ್ಲು ಸಿಕ್ಕರೆ ಒಂದೇ ಗುರುತು ನೋಡಿ ತೀರ್ಮಾನ ಮಾಡಬೇಡಿ. ಗೆರೆ, ಗಟ್ಟಿತನ, ತೂಕ, ಅಯಸ್ಕಾಂತ, ನಿಂಬೆರಸ. ಇಷ್ಟನ್ನೂ ನೋಡಿ. ಒಂದೇ ಅಕ್ಷರ ನೋಡಿ ಇಡೀ ಪದ ಹೇಳಲು ಆಗುವುದಿಲ್ಲವಲ್ಲ, ಹಾಗೆ.

ಕಲ್ಲನ್ನು ನಾಲಿಗೆಗೆ ಹಚ್ಚಬೇಡಿ. ನಾರು ನಾರಾಗಿ ಬಿಡಿಸಿಕೊಳ್ಳುವ ಕಲ್ನಾರನ್ನು ಕೆರೆಯಬೇಡಿ, ಪುಡಿ ಮಾಡಬೇಡಿ. ಅದರ ಎಳೆ ಶ್ವಾಸಕೋಶಕ್ಕೆ ಹೊಕ್ಕರೆ ಕೆಟ್ಟ ಕಾಯಿಲೆ ಬರುತ್ತದೆ. ಜಲ್ಲಿ ಒಡೆಯುವ ಅಣ್ಣಂದಿರೆ, ಅಕ್ಕಂದಿರೆ, ಬೆಣಚಿನ ದೂಳೂ ಶ್ವಾಸಕೋಶವನ್ನು ತಿನ್ನುತ್ತದೆ. ನೀರು ಚಿಮುಕಿಸಿ ಒಡೆಯಿರಿ. ದೂಳು ತಡೆಯುವ ಒಳ್ಳೆಯ ಮಾಸ್ಕ್ ಕೊಡಿ ಅಂತ ಕೆಲಸ ಕೊಟ್ಟವರನ್ನು ಕೇಳಿ. ಬರೀ ಬಟ್ಟೆ ಕಟ್ಟಿದರೆ ಸಾಲದು. ಭದ್ರಾ ಅಭಯಾರಣ್ಯದ ಒಳಗಿಂದ ಕಲ್ಲು ತರಬೇಡಿ. ಸ್ವಂತ ಜಮೀನಾದರೂ ಗಣಿ ಮಾಡಲು ಸರ್ಕಾರದ ಪರವಾನಗಿ ಬೇಕು.

ಮನೆಯ ಪರೀಕ್ಷೆಯಿಂದ ಎಲ್ಲವೂ ತಿಳಿಯುವುದಿಲ್ಲ. ಆಗ ಯಾರನ್ನು ಕೇಳಬೇಕು? ಬೈಕಿನಲ್ಲಿ ಬಂದವರನ್ನು ಅಲ್ಲ. ಮೈಸೂರು ಸಂಸ್ಥಾನದಲ್ಲಿ 1894ರಲ್ಲೇ ಭೂವಿಜ್ಞಾನ ಇಲಾಖೆ ಶುರುವಾಗಿತ್ತು. ಈಗ ಅದು ಗಣಿ ಮತ್ತು ಭೂವಿಜ್ಞಾನ ಇಲಾಖೆ. ಶಿವಮೊಗ್ಗದಲ್ಲಿ ಕಚೇರಿ ಇದೆ. ಇನ್ನೂ ಹತ್ತಿರ ಬೇಕೆ? ನಮ್ಮ ಶಂಕರಘಟ್ಟದಲ್ಲೇ ಕುವೆಂಪು ವಿಶ್ವವಿದ್ಯಾಲಯ ಇದೆ. 1987ರಲ್ಲಿ ಶುರುವಾದದ್ದು. ಅಲ್ಲಿ ಭೂವಿಜ್ಞಾನ ಕಲಿಸುವ ವಿಭಾಗವೇ ಇದೆ. ನಿಮ್ಮಲ್ಲಿ ಕೆಲವರು ದಿನಾ ಬೆಳಿಗ್ಗೆ ಆ ಆವರಣವನ್ನು ಗುಡಿಸಿ ಬರುತ್ತೀರಿ. ಗುಡಿಸಲು ಹೋಗುವ ಬಾಗಿಲಿನಲ್ಲೇ ಕೇಳಲೂ ಹೋಗಬಹುದು. ಅಂಜಿಕೆ ಬೇಡ.

ಯಾರಾದರೂ ಬಂದು ನಾಗಮಣಿ ಅಂದರೆ, ಅಕ್ಕಿಯನ್ನು ಎಳೆಯುವ ಚೆಂಬು ಅಂದರೆ, ಚಿನ್ನದ ಕಲ್ಲು ಅಂದರೆ, ಮೊದಲು ಒರೆಗೆ ಹಚ್ಚಿ. ಕಾಗದ ಕೊಟ್ಟರೆ ಓದಿ. ಓದಲು ಬಿಡದಿದ್ದರೆ ಸಹಿ ಹಾಕಬೇಡಿ.

ಆ ಹಳದಿ ಕಲ್ಲನ್ನು ಅಕ್ಕ ಈ ಕೇಂದ್ರಕ್ಕೇ ಕೊಟ್ಟಿದ್ದಾರೆ. ಇಗೋ, ಕಪಾಟಿನಲ್ಲಿದೆ. ಅದರ ಕೆಳಗೆ ಒಂದು ಚೀಟಿ ಅಂಟಿಸಿದ್ದಾರೆ. ಬರೆದದ್ದೂ ಅವರೇ. ಎದ್ದು ಬನ್ನಿ. ಒಬ್ಬೊಬ್ಬರಾಗಿ ಓದಿ.

ಪೈ-ರೈ-ಟ್.

ಈಗ ಸ್ಲೇಟು ತೆಗೆಯಿರಿ. ಬರೆಯೋಣ.